ಹೊಗೆಮನೆಯಲ್ಲಿ ತೂಗಿದ ಬಾಸ್ ಗಿಟಾರು

ಭಾನುವಾರ ಇಗರ್ಜಿಯಲ್ಲಿ ನಿಮ್ಮ ಅಕ್ಕ ಬಾಸ್ ಗಿಟಾರಿನ ಪೆಟ್ಟಿಗೆ ತೆರೆಯುವಾಗ ನಾನು ಮುಖ ಆಚೆ ತಿರುಗಿಸುತ್ತೇನೆ. ನಿಮ್ಮಲ್ಲಿ ಚಿಕ್ಕವಳು ಅದನ್ನು ಗಮನಿಸಿ, "ಅಮ್ಮಚ್ಚಿಗೆ ಆ ಗಿಟಾರ್ ಕಂಡ್ರೆ ಆಗುದಿಲ್ಲ" ಎಂದು ಊಟದ ಹೊತ್ತಿಗೆ ಹೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗುವುದಿಲ್ಲ ಎಂಬುದು ಸರಿಯಲ್ಲ. ಸರಿಯಾದದ್ದು ಬೇರೆ ಉಂಟು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಆದ್ದರಿಂದ ಬರೆಯುತ್ತೇನೆ, ಮೊಮ್ಮಕ್ಕಳೇ. ಮನೆಯಲ್ಲಿ ನಾವು ಆಡುವುದು ಮಲಯಾಳ, ಆದರೆ ನಿಮಗೆ ಅದರ ಅಕ್ಷರ ಬಾರದು. ನನಗೂ ಶಾಲೆಯಲ್ಲಿ ಕಲಿಸಿದ್ದು ಕನ್ನಡವೇ, ಅದೂ ಏಳನೆಯ ತರಗತಿಯವರೆಗೆ. ಆ ಕನ್ನಡದಲ್ಲೇ ಇದು.

ನಿಮ್ಮ ಅಪ್ಪಚ್ಚನ್, ನನ್ನ ಯಜಮಾನರು, ಇದ್ದಾಗ ಬೆಳಿಗ್ಗೆ ರಬ್ಬರ್ ಹಾಲಿನ ಕೆಲಸ ಮುಗಿಸಿ ಕಡಬ ಪೇಟೆಗೆ ಹೋಗುತ್ತಿದ್ದರು. ಅಲ್ಲಿ ಅವರದು ರೇಡಿಯೋ, ಮೈಕ್ ಸೆಟ್ ರಿಪೇರಿಯ ಅಂಗಡಿ. ನಾನೂ ಜೊತೆಗೆ ಹೋಗುತ್ತಿದ್ದೆ. ಗಿರಾಕಿಗಳ ಎದುರು ನಿಲ್ಲಲು ನಾಚಿಕೆಯಾಗಿ ಪರದೆಯ ಹಿಂದೆ ಕುಳಿತು ಬೆಸುಗೆ ಹಾಕುತ್ತಿದ್ದೆ, ಸುಟ್ಟ ಟ್ರಾನ್ಸ್‌ಫಾರ್ಮರುಗಳ ತಂತಿ ಬಿಚ್ಚಿ ಹೊಸದು ಸುತ್ತುತ್ತಿದ್ದೆ. ಅವರು ತೀರಿದ ಮೇಲೆ ಅಂಗಡಿ ಬಿಟ್ಟೆವು. ಬೆಸುಗೆ ಕಡ್ಡಿ, ಮೀಟರು, ತಂತಿಯ ಉರುಳೆಗಳು ಅಡುಗೆಮನೆಯ ಕಪಾಟಿಗೆ ಬಂದವು. ವರ್ಷಗಟ್ಟಲೆ ನಾನು ಅವನ್ನು ಮುಟ್ಟಲಿಲ್ಲ.

ಮುಟ್ಟುವ ಹಾಗೆ ಮಾಡಿದವಳು ನಿಮ್ಮ ಅಕ್ಕ. ಇಗರ್ಜಿಯ ಹಾಡಿನ ತಂಡದಲ್ಲಿ ಎರವಲು ಬಾಸ್ ನುಡಿಸುತ್ತಿದ್ದಳು. ಒಂದು ದಿನ ಫೋನು ಹಿಡಿದು ಓಡಿ ಬಂದಳು. "ಅಮ್ಮಚ್ಚಿ, ಜಪಾನಿನ ಹಳೇ ಬಾಸ್. ನನ್ನ ಪಪ್ಪನಿಗಿಂತ ಹೆಚ್ಚು ಪ್ರಾಯದ್ದು. ಎಲ್ಲಿ ಉಂಟು ಹೇಳಿ? ಬೆಟ್ಟಂಪಾಡಿಯಲ್ಲಿ!" ಟೋಕಿಯೋದಲ್ಲಿ ಇದ್ದಿದ್ದರೆ ಅವಳಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ. ಒಳಗಿನ ವಯರಿಂಗ್ ಹಾಳಾಗಿದ್ದರೆ ನೋಡಲು ನಾನು ಬೇಕು ಎಂದು ಎಳೆದುಕೊಂಡು ಹೋದಳು. ಪುತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು.

ಆ ಮನೆಯಲ್ಲಿ ಇದ್ದದ್ದು ಒಬ್ಬ ಅಜ್ಜ ಮತ್ತು ಅವರ ಹೆಂಡತಿ. ಅಜ್ಜ ಮೊದಲು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಮಂಗಳೂರಿನಲ್ಲಿ ಹಡಗಿನ ಕೆಲಸದವನೊಬ್ಬನಿಂದ ಆ ಬಾಸ್ ಕೊಂಡು ಪುತ್ತೂರು, ಸುಳ್ಯ ಎಲ್ಲ ಕಡೆ ಹೊತ್ತು ತಿರುಗಿದ್ದರು. ಈಗ ಬೆರಳುಗಳು ಮಡಚುತ್ತಿರಲಿಲ್ಲ.

"ಯಾರು ನುಡಿಸುದು? ಈ ಅಮ್ಮನಾ?" ಎಂದು ನನ್ನನ್ನು ತೋರಿಸಿ ಕೇಳಿದರು. ನಾನು ಸೆರಗು ಬಾಯಿಗೆ ಹಿಡಿದೆ.

"ಸುಬ್ರಹ್ಮಣ್ಯದಲ್ಲಿ ಒಮ್ಮೆ ಪ್ರೋಗ್ರಾಂ ಮಧ್ಯೆ ಕರೆಂಟು ಹೋಯ್ತು. ಆದ್ರೂ ಇದರ ಗುಂಯ್ ಒಂದು ಗಳಿಗೆ ನಿಲ್ಲಲಿಲ್ಲ, ಗೊತ್ತುಂಟಾ?"

"ನಿಮ್ಮ ಸುಳ್ಳಿಗೂ ಕರೆಂಟು ಬೇಡ" ಎಂದರು ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, "ಮದುವೆ ಆದದ್ದು ನನ್ನೊಟ್ಟಿಗೆ ಮಾರಾಯ್ರೆ, ಮಂಚದಲ್ಲಿ ಗೋಡೆ ಬದಿ ಮಲಗಿದ್ದು ಅದು. ಒಮ್ಮೆ ತಕೊಂಡು ಹೋಗಿ, ನನಗೂ ಸ್ವಲ್ಪ ಜಾಗ ಆಗ್ಲಿ" ಎಂದರು.

"ಮಳೆಗಾಲದಲ್ಲಿ ಮತ್ತೆಂತ ಮಾಡುದು? ನೆಲದಲ್ಲಿಟ್ರೆ ತಂಡಿ. ಮನುಷ್ಯರ ಪಕ್ಕ ಇದ್ರೆ ಬೆಚ್ಚಗೆ ಇರ್ತದೆ" ಎಂದರು ಅಜ್ಜ. ನಾವೆಲ್ಲ ನಕ್ಕೆವು. ಅದು ತಮಾಷೆ ಎಂದೇ ನಾನು ತಿಳಿದೆ.

ನಿಮ್ಮ ಅಕ್ಕ ನುಡಿಸಿದಳು. ಕಿವಿ ಮುರಿಯುವ ಗೊರಗೊರ, ನಡುವೆ ನಡುವೆ ಶಬ್ದವೇ ಇಲ್ಲ. ಆದರೂ ಅವಳ ಕೈ ನೋಡಿ ಅಜ್ಜ ಬೆಲೆಯ ಮಾತನ್ನು ಬೇಗ ಮುಗಿಸಿದರು. "ಬೆಂಗಳೂರಿಂದೆಲ್ಲ ಕೇಳ್ತಾರೆ. ಅವರು ಗೋಡೆಗೆ ತೂಗು ಹಾಕುದಂತೆ. ನುಡಿಸುವವರಿಗೆ ಕೊಡುದು ನಾನು. ಒಳಗೆ ಎಂತ ಬೇಕಾದ್ರೂ ಬದಲಿಸಿ, ಅದು ನಿಮ್ಮ ಕಾಲ. ಪಿಕಪ್ ಒಂದು ಮಾತ್ರ ತೆಗೀಬೇಡಿ. ಮಳೆ ಬಿಟ್ಟ ಮೇಲೆ ಒಮ್ಮೆ ತಂದು ನನಗೆ ಕೇಳಿಸಿ."

ಪಿಕಪ್ ಎಂದರೆ ತಂತಿಗಳ ಕೆಳಗೆ ಕೂರುವ ಅಯಸ್ಕಾಂತ. ಅದರ ಸುತ್ತ ಕೂದಲಿಗಿಂತ ಸಪೂರದ ತಾಮ್ರದ ಎಳೆ ಸುತ್ತಿರುತ್ತದೆ. ತಂತಿಯ ನಡುಕ ಅಲ್ಲಿಂದಲೇ ಶಬ್ದವಾಗಿ ಹೊರಡುವುದು. ಉಳಿದದ್ದೆಲ್ಲ ಆ ಶಬ್ದಕ್ಕೆ ದಾರಿ.

"ಆಯ್ತು" ಎಂದೆ. ಆ ಮನೆಯಲ್ಲಿ ಆ ದಿನ ನಾನು ಆಡಿದ್ದು ಅದೊಂದೇ ಮಾತು. ನಿಮ್ಮ ಅಕ್ಕ ಬೇಕಾದಷ್ಟು ಮಾತಾಡಿದಳು, ಆದರೆ ಮಾತು ಕೊಟ್ಟವಳು ನಾನು.

ನಮ್ಮ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದೆವು. ಶಬ್ದ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿಗಳ ಒಳಗೆ ಕಪ್ಪು ಮಸಿ ತುಂಬಿತ್ತು. ಗೊರಗೊರ ಅದರದ್ದೇ. ಹೊಸದು ಹಾಕೋಣ ಎಂದರೆ ಕೂರಲಿಲ್ಲ. ಆ ಕಾಲದ ಜಪಾನಿನವರು ಎಲ್ಲವನ್ನೂ ಸಣ್ಣದಾಗಿ ಮಾಡಿದ್ದರು, ಈಗ ಸಿಗುವ ಗುಂಡಿಯ ಕಡ್ಡಿ ದಪ್ಪ. ಅಪ್ಪಚ್ಚನ್‌ರ ಕೈ ಡ್ರಿಲ್ಲು ತಂದು ತೂತು ಅಗಲ ಮಾಡಿದೆ. ಮೇಜಿನ ಮೇಲೆ ಕೆಂಪು ಮರದ ಹುಡಿ ಬಿತ್ತು. ಒಮ್ಮೆ ಅಗಲವಾದ ತೂತು ಮತ್ತೆ ಸಣ್ಣದಾಗುವುದಿಲ್ಲ ಎಂದು ಆಗ ಒಂದು ಗಳಿಗೆ ಅನಿಸಿತು. ಆದರೆ ಅಜ್ಜ ಒಪ್ಪಿದ್ದರಲ್ಲ.

ನಿಮ್ಮ ಅಕ್ಕನಿಗೆ ಬ್ಯಾಟರಿ ಹಾಕುವ ಸಣ್ಣ ಸರ್ಕೀಟು ಬೇಕಿತ್ತು. ಅದಿದ್ದರೆ ಶಬ್ದ ಗಟ್ಟಿ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದಂತೆ. ಹಾಕಿದೆ. ಜೊತೆಗೆ ನಾನೇ ಯೋಚಿಸಿ ಒಂದು ಸ್ವಿಚ್ಚೂ ಹಾಕಿದೆ. ಮೇಲೆ ಮಾಡಿದರೆ ಇವಳ ಹೊಸ ಶಬ್ದ. ಕೆಳಗೆ ಮಾಡಿದರೆ ಬ್ಯಾಟರಿ ಇಲ್ಲ, ಸರ್ಕೀಟಿಲ್ಲ, ಪಿಕಪ್ಪಿನಿಂದ ನೇರವಾಗಿ ಬರುವ ಅಜ್ಜನ ಶಬ್ದ. ಕೆಳಗೆ ಮಾಡಿ ನುಡಿಸಿದಾಗ ಅಡುಗೆಮನೆಯ ಪಾತ್ರೆಗಳು ಮೆಲ್ಲಗೆ ನಡುಗಿದವು. ತುಂಬಿದ ಹಂಡೆಗೆ ಬೆರಳಿಂದ ಬಡಿದ ಹಾಗೆ, ದುಂಡಗಿನ ಶಬ್ದ. "ಅಮ್ಮಚ್ಚಿ, ಇದನ್ನು ಅಜ್ಜನಿಗೆ ಕೇಳಿಸ್ಬೇಕು" ಎಂದಳು. ನನಗೆ ಹೆಮ್ಮೆಯಾಯಿತು. ಆಗಲೇ ಹೋಗಬಹುದಿತ್ತು. ಮಳೆ ಶುರುವಾಗಿತ್ತು, ಮತ್ತೆ ಹೋಗೋಣ ಎಂದವಳು ನಾನೇ.

ಅವಳು ಕಾಲೇಜಿಗೆಂದು ಪುತ್ತೂರಿನ ಹಾಸ್ಟೆಲಿಗೆ ಹೋಗುವಾಗ ಬಾಸನ್ನು ನನಗೆ ಒಪ್ಪಿಸಿದಳು. "ಪೆಟ್ಟಿಗೆಯಲ್ಲೇ ಇರ್ಲಿ ಅಮ್ಮಚ್ಚಿ. ಈ ತಂಡಿ ಎಳೆಯುವ ಪೊಟ್ಟಣ ಸಾಕು. ಒಮ್ಮೊಮ್ಮೆ ಒರೆಸಿದ್ರೆ ಆಯ್ತು." ಪೊಟ್ಟಣ ಒಂದು ಚಿಟಿಕೆ ಉಪ್ಪಿನಷ್ಟು ಸಣ್ಣದು. ನಮ್ಮ ಮಳೆಗೆ ಅದು ಎಲ್ಲಿಗೆ? ಕೆಲವೇ ದಿನಗಳಲ್ಲಿ ಬಾಸನ್ನು ಹೆಗಲಿಗೆ ಹಾಕುವ ಬೆಲ್ಟಿನ ಮೇಲೆ ಬಿಳಿ ಬೂಷ್ಟು ಬಂತು. ಒರೆಸಿದೆ, ಮತ್ತೆ ಬಂತು.

ನಮ್ಮಲ್ಲಿ ಮಳೆಗಾಲದಲ್ಲಿ ಒಣಗದ್ದು ಏನಿದ್ದರೂ ಹೊಗೆಮನೆಗೆ ಹೋಗುತ್ತದೆ. ಹೊಗೆ ಹಾಕಿ ರಬ್ಬರ್ ಶೀಟು ಒಣಗಿಸುವ ಆ ಕೋಣೆಯಲ್ಲಿ ನಿಮ್ಮ ಅಪ್ಪಂದಿರ ಯೂನಿಫಾರಂ ಒಣಗಿದೆ, ಶಾಲೆಯ ಚೀಲ ಒಣಗಿದೆ, ಬೂಷ್ಟು ಹಿಡಿದ ಬೈಬಲ್ ಕೂಡ ಒಣಗಿದೆ. ನನ್ನ ಮಟ್ಟಿಗೆ ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಬಾಸನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಶೀಟುಗಳನ್ನು ಹಾಕುವ ಬಿದಿರಿನ ಕೊನೆಯಲ್ಲಿ ತೂಗು ಹಾಕಿದೆ. ಬೆಂಕಿಯಿಂದ ದೂರವೇ ಹಾಕಿದೆ. ಅಷ್ಟು ಜಾಗ್ರತೆ ನನಗಿತ್ತು.

ಮರೆತದ್ದು ಆಸಿಡನ್ನು. ರಬ್ಬರ್ ಹಾಲು ಹೆಪ್ಪುಗಟ್ಟಲು ನಾವು ಹಾಕುವ ಆಸಿಡ್ ಶೀಟಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಹಸಿ ಶೀಟು ಬಿಸಿಯಾದಾಗ ಹಬೆಯೊಂದಿಗೆ ಅದೂ ಏಳುತ್ತದೆ, ಮೂಗಿಗೆ ಹುಳಿ ಹೊಡೆಯುತ್ತದೆ. ಹೊಗೆಮನೆಯ ಮೊಳೆಗಳು ಬೇಗ ತುಕ್ಕು ಹಿಡಿಯುವುದು ನಾನು ಜೀವಮಾನವಿಡೀ ನೋಡಿದ್ದೆ. ಅಪ್ಪಚ್ಚನ್ ತಮ್ಮ ಅಂಗಡಿಯ ಒಂದು ಸಾಮಾನನ್ನೂ ಅಲ್ಲಿ ಇಡಲು ಬಿಡುತ್ತಿರಲಿಲ್ಲ. ಅದೂ ನೆನಪಾಗಲಿಲ್ಲ.

ರಜೆಗೆ ಬಂದ ನಿಮ್ಮ ಅಕ್ಕ ಬಾಸನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ಸ್ವಿಚ್ಚು ಮೇಲೆ ಮಾಡಿದಳು, ಶಬ್ದ ಇಲ್ಲ. ಕೆಳಗೆ ಮಾಡಿದಳು, ಇಲ್ಲ. ನಾನು ಮೀಟರು ತಂದು ಪಿಕಪ್ಪಿನ ಎರಡು ತುದಿಗೆ ಹಿಡಿದೆ. ಮುಳ್ಳು ಅಲುಗಲಿಲ್ಲ. ಮುಚ್ಚಳ ಬಿಚ್ಚಿದಾಗ ತಾಮ್ರದ ಎಳೆಗಳು ಹಸಿರಾಗಿ, ಮುಟ್ಟಿದಲ್ಲಿ ಹುಡಿಯಾದವು. ಬೂಷ್ಟು ಮಾತ್ರ ಎಲ್ಲಿಯೂ ಇರಲಿಲ್ಲ.

ಅವಳು ಬೈಯಲಿಲ್ಲ. ಬಿಚ್ಚಿದ ಬಾಸಿನ ಹತ್ತಿರ ಮೂಗು ತಂದು ಸ್ವಲ್ಪ ಮೂಸಿದಳು. "ಹೊಗೆಮನೆಯಾ ಅಮ್ಮಚ್ಚಿ?" ಎಂದಳು. ನಾನು ತಲೆ ಆಡಿಸಿದೆ. ಬೈದಿದ್ದರೆ ಒಳ್ಳೆಯದಿತ್ತು.

ಮಳೆ ಬಿಟ್ಟಿತು. ಅಜ್ಜನ ಫೋನು ಬಂತು. "ಎಂತ ಮಗಳೇ, ಆಕಾಶ ನೋಡಿದ್ಯಾ? ಮೋಡ ಉಂಟಾ?" "ಪರೀಕ್ಷೆ ಉಂಟು ಅಂಕಲ್" ಎಂದಳು. ಮತ್ತೆ ಬಂತು. ಬೇರೇನೋ ಹೇಳಿದಳು. ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ನಾನು ಒಂದು ಸಲವೂ ಫೋನಿಗೆ ಕೈ ಚಾಚಲಿಲ್ಲ.

ನಾನೇ ಹೊಸದು ಸುತ್ತೋಣ ಎಂದರೆ ಅಷ್ಟು ಸಪೂರದ ತಂತಿ ಪುತ್ತೂರಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಇರಲಿಲ್ಲ, ಮಂಗಳೂರಿನಿಂದ ತರಿಸಿಕೊಟ್ಟರು. ನನ್ನ ಹೊಲಿಗೆ ಮೆಷಿನಿನಲ್ಲಿ ಬಾಬಿನ್ ಸುತ್ತುವ ಚಕ್ರಕ್ಕೆ ಪಿಕಪ್ಪನ್ನು ಅಂಟಿಸಿ ಮೆಲ್ಲಗೆ ತುಳಿದೆ. ಉಸಿರು ಜೋರಾದರೂ ಎಳೆ ಕಡಿಯುತ್ತಿತ್ತು. ಕಡಿದಲ್ಲೆಲ್ಲ ಮೊದಲಿಂದ ಶುರು. ಹಳೆಯ ಸುರುಳಿ ಒಂದೇ ಸಮ, ದಾರದ ಉಂಡೆಯ ಹಾಗೆ ಇತ್ತು. ನನ್ನದು ಒಂದು ಬದಿ ದಪ್ಪವಾಯಿತು. ಕೊನೆಗೆ ಶಬ್ದ ಬಂತು. ಹಂಡೆ ಅರ್ಧ ಖಾಲಿಯಾದ ಹಾಗೆ ಬಂತು.

"ಅಜ್ಜನಿಗೆ ಗೊತ್ತಾಗ್ಲಿಕ್ಕಿಲ್ಲ ಅಮ್ಮಚ್ಚಿ" ಎಂದಳು. ಗೊತ್ತಾಗದಿರಲಿ ಎಂದು ನಾನೂ ಪ್ರಾರ್ಥಿಸಿದೆ. ಅಂಥದ್ದಕ್ಕೂ ಪ್ರಾರ್ಥಿಸಿದೆ, ಮಕ್ಕಳೇ.

ಬೆಟ್ಟಂಪಾಡಿಯಲ್ಲಿ ಅಜ್ಜ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಕುಳಿತಿದ್ದರು. "ಬೆಳಿಗ್ಗೆಯಿಂದ ಮದುಮಗನ ಹಾಗೆ ಕೂತಿದ್ದಾರೆ" ಎಂದರು ಹೆಂಡತಿ. ನಿಮ್ಮ ಅಕ್ಕ ಸ್ವಿಚ್ಚು ಕೆಳಗೆ ಮಾಡಿ ನುಡಿಸಿದಳು. ಅಜ್ಜ ಕಣ್ಣು ಮುಚ್ಚಿ, ಮಡಚದ ಬೆರಳುಗಳನ್ನು ಬಾಸಿನ ಮೈಮೇಲೆ ಚಪ್ಪಟೆಯಾಗಿ ಇಟ್ಟರು. ಹಾಡು ಮುಗಿಯಿತು.

"ಇನ್ನೊಮ್ಮೆ" ಎಂದರು. ಇನ್ನೊಮ್ಮೆ ನುಡಿಸಿದಳು.

"ಪಿಕಪ್ ತೆಗೆದಿದ್ದೀರಾ?"

ನಾನು ನೆಲ ನೋಡಿದೆ. ಅಷ್ಟರಲ್ಲಿ ನಿಮ್ಮ ಅಕ್ಕ, "ನನ್ನಿಂದ ಆದದ್ದು ಅಂಕಲ್. ಬಸ್ಸಿಂದ ಇಳಿಯುವಾಗ ಮಳೆಯಲ್ಲಿ ಒದ್ದೆ ಆಯ್ತು" ಎಂದಳು.

ಸಂಜೆಯ ಪ್ರಾರ್ಥನೆಗೆ ಅವಳ ಕೈಗೆ ಜಪಮಾಲೆ ಕೊಟ್ಟವಳು ನಾನು. ಸುಳ್ಳು ಹೇಳಬಾರದು ಎಂದು ಹೇಳಿಕೊಟ್ಟವಳೂ ನಾನು. ನನ್ನ ನಾಚಿಕೆಯನ್ನು ಕಾಯಲು ಅವಳು ಅಪರಿಚಿತರ ಮನೆಯಲ್ಲಿ ಸುಳ್ಳು ಹೇಳುತ್ತಿದ್ದಳು. ನನ್ನ ಸ್ವರ ಎಲ್ಲಿಂದ ಬಂತೋ.

"ಅವಳಲ್ಲ. ನಾನು. ರಬ್ಬರ್ ಹೊಗೆಮನೆಯಲ್ಲಿ ತೂಗು ಹಾಕಿದ್ದೆ. ಬೂಷ್ಟು ಬರ್ತದೆ ಅಂತ."

ಮೊದಲು ನಕ್ಕದ್ದು ಹೆಂಡತಿ. ಅಜ್ಜ ಕೆಮ್ಮು ಬರುವಷ್ಟು ನಕ್ಕರು. "ಗೋಡೆಗೆ ತೂಗು ಹಾಕ್ತಾರೆ ಅಂತ ಬೆಂಗಳೂರಿನವರಿಗೆ ಕೊಡ್ಲಿಲ್ಲ ಮಾರಾಯ್ರೆ! ನೀವು ಶೀಟಿನೊಟ್ಟಿಗೆ ತೂಗು ಹಾಕಿದ್ರಾ? ಅಂಗಡಿಯವರು ರಬ್ಬರಿಗೆ ಕೊಡುವ ಗ್ರೇಡು ಇದಕ್ಕೆ ಎಷ್ಟು ಬಂತು?"

ನಾನೂ ನಗಬೇಕಿತ್ತು. ಆಗಲಿಲ್ಲ. ಹಳೆಯ ಸುರುಳಿಯಲ್ಲಿ ಉಳಿದದ್ದನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೆ. ಕೊಟ್ಟೆ. ಅಜ್ಜ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಅಂಗಿಯ ಜೇಬಿಗೆ ಹಾಕಿಕೊಂಡರು.

"ನಿನ್ನದು ಕೇಳುವ ಈಗ" ಎಂದರು ನಿಮ್ಮ ಅಕ್ಕನಿಗೆ. ಅವಳು ಸ್ವಿಚ್ಚು ಮೇಲೆ ಮಾಡಿ ನುಡಿಸಿದಳು. "ಜೋರುಂಟು. ಇದರಲ್ಲೇ ನುಡಿಸು" ಎಂದರು.

ಕಾಫಿ ಕೊಟ್ಟರು. ಹಲಸಿನ ಹಪ್ಪಳ ಕೊಟ್ಟರು. ಹೊರಡುವಾಗ ಪೆಟ್ಟಿಗೆ ಮುಚ್ಚುವ ಮೊದಲು ಅಜ್ಜ ಬಗ್ಗಿ ಬಾಸಿನ ಮೈಯನ್ನು ಒಮ್ಮೆ ಮೂಸಿದರು. ಯಾರೂ ನೋಡುವುದಿಲ್ಲ ಎಂದುಕೊಂಡಿರಬೇಕು. ಎಷ್ಟೋ ಮಳೆಗಾಲ ತಮ್ಮ ಪಕ್ಕ ಮಲಗಿದ್ದರ ವಾಸನೆ ಹುಡುಕಿದರೋ ಏನೋ. ಸಿಕ್ಕಿದ್ದು ನಮ್ಮ ಹೊಗೆ. ನಗು ಮುಖದಲ್ಲೇ ಇತ್ತು. ಆದರೆ ಮತ್ತೊಮ್ಮೆ ತನ್ನಿ ಎಂದು ಅವರು ಹೇಳಲಿಲ್ಲ. ಫೋನೂ ಮತ್ತೆ ಬರಲಿಲ್ಲ.

ಪೆಟ್ಟಿಗೆ ತೆರೆದಾಗ ಆ ವಾಸನೆ ಇಗರ್ಜಿಯ ಮುಂದಿನ ಬೆಂಚಿನವರೆಗೂ ಬರುತ್ತದೆ. ನಾನು ಮುಖ ತಿರುಗಿಸುವುದು ಅದಕ್ಕೆ.

ಈ ಮಳೆಗಾಲ, ಅವಳು ಹಾಸ್ಟೆಲಿನಿಂದ ಭಾನುವಾರಕ್ಕೆ ಬರುವವರೆಗೆ, ಬಾಸ್ ನನ್ನ ಮಂಚದಲ್ಲಿರುತ್ತದೆ, ಗೋಡೆಯ ಬದಿಗೆ, ಅಪ್ಪಚ್ಚನ್ ಮಲಗುತ್ತಿದ್ದ ಕಡೆ. ಬೆಳಿಗ್ಗೆ ಎದ್ದು ಒಮ್ಮೆ ಕೈಯಾಡಿಸಿ ನೋಡುತ್ತೇನೆ. ಬೆಚ್ಚಗೆ ಇರುತ್ತದೆ. ಬೂಷ್ಟು ಇನ್ನೂ ಬಂದಿಲ್ಲ.