ಉಳಿದ ಒಂದು ಪೇಪರ್

ಪಿಯುಸಿ ಮುಗಿದ ಮೇಲೆ ಸಿಎ ಓದುತ್ತೇನೆ ಅಂದಾಗ ಅಪ್ಪ ಬೇಡ ಅನ್ನಲಿಲ್ಲ. ಜಗಳ ಶುರುವಾದದ್ದು ಡಿಗ್ರಿಯ ವಿಷಯಕ್ಕೆ. ವಿಜಯನಗರದ ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಬಹಳ ಜನ ಬಿ.ಕಾಂ. ಅನ್ನು ಕರೆಸ್ಪಾಂಡೆನ್ಸಿನಲ್ಲಿ ಕಟ್ಟಿ, ದಿನವಿಡೀ ಸಿಎಗೆ ಓದುತ್ತಿದ್ದರು. ನನಗೂ ಅದೇ ಬೇಕಿತ್ತು. ಅಪ್ಪನೋ, ಸಿಎ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ, ಡಿಗ್ರಿ ಮಾತ್ರ ಕೈಯಲ್ಲಿರಲೇಬೇಕು, ಅದೂ ಕಾಲೇಜಿಗೆ ಹೋಗಿ ಅಟೆಂಡೆನ್ಸ್ ಹಾಕಿಸಿಕೊಂಡು ಓದಿದ ಡಿಗ್ರಿ ಅಂತ ಹಟ ಹಿಡಿದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಮಾತು ಬಿಟ್ಟೆ, ಊಟ ಬಿಟ್ಟೆ. ಕೊನೆಗೆ ಸೋತು ರಾಜಾಜಿನಗರದ ಕಾಲೇಜಿಗೆ ಸೇರಿದ್ದೂ ನಾನೇ. ಬೆಳಕು ಹರಿಯುವ ಮೊದಲು ಕೋಚಿಂಗು, ಆಮೇಲೆ ಕಾಲೇಜು, ಬಸ್ಸಿನಲ್ಲಿ ನಿಂತುಕೊಂಡೇ ಚಿತ್ರಾನ್ನ ತಿನ್ನುವ ಬದುಕು.

ಅಪ್ಪನ ಹಟಕ್ಕೆ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಾಪೂಜಿ ನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ನಡೆಸುವ ಅಪ್ಪನೂ ಬಿ.ಕಾಂ. ಓದಿದವರೇ. ಕೊನೆಯ ವರ್ಷದ ಒಂದು ಪೇಪರ್ ಉಳಿದುಹೋಯಿತು, ಮತ್ತೆ ಬರೆದರೂ ಫೇಲಾದರು, ಅಷ್ಟರಲ್ಲಿ ಅಂಗಡಿ ಹೆಗಲಿಗೆ ಬಿತ್ತು ಅನ್ನುವುದು ನಮ್ಮ ಮನೆಯ ಕಥೆ. ಮದುವೆ ಮನೆಯಲ್ಲಿ ಯಾರಾದರೂ ಎಲ್ಲಿವರೆಗೆ ಓದಿದ್ದೀರಿ ಅಂತ ಕೇಳಿದರೆ ಅಪ್ಪ ಎದ್ದು ಕೈ ತೊಳೆಯಲು ಹೋಗಿಬಿಡುತ್ತಿದ್ದರು.

ಸಿಎಯ ಎರಡನೇ ಹಂತದ, ಅಂದರೆ ಇಂಟರ್, ಪರೀಕ್ಷೆ ಬಂತು. ಮೊದಲ ಗ್ರೂಪಿನ ಕೊನೆಯ ಪೇಪರ್ ಟ್ಯಾಕ್ಸು, ಮಧ್ಯಾಹ್ನ, ಕೆಂಗೇರಿ ಉಪನಗರದ ಸೆಂಟರಿನಲ್ಲಿ. ಅದೇ ದಿನ ಬೆಳಿಗ್ಗೆ ಕಾಲೇಜಿನಲ್ಲಿ ಡಿಗ್ರಿಯ ಕಾಸ್ಟಿಂಗ್ ಪೇಪರ್. ಇದನ್ನು ಬರೆದು ಅಲ್ಲಿಗೆ ಓಡಿದರಾಯಿತು ಅಂದುಕೊಂಡಿದ್ದೆ. ಹಿಂದಿನ ದಿನ ವಾಟ್ಸಾಪಿನಲ್ಲಿ ಸುದ್ದಿ ಬಂತು: ಕಾಸ್ಟಿಂಗನ್ನು ಯೂನಿವರ್ಸಿಟಿಯವರು ಮಧ್ಯಾಹ್ನಕ್ಕೆ ಹಾಕಿದ್ದಾರೆ. ಕಾಲೇಜಿಗೆ ಓಡಿದೆ. ಆಫೀಸಿನವರು ಪಾಪ, ಕೂರಿಸಿ ನೀರು ಕೊಟ್ಟು, ಇದು ನಮ್ಮ ಕೈಯಲ್ಲಿಲ್ಲಮ್ಮ ಅಂದರು.

ಸಂಜೆ ಅಪ್ಪ ಅಂಗಡಿಯಿಂದ ಬರುತ್ತಲೇ ಹೇಳಿದೆ. ಸಿಎಯಲ್ಲಿ ಒಂದು ಪೇಪರಿಗೆ ಹೋಗದಿದ್ದರೂ ಇಡೀ ಗ್ರೂಪ್ ಹೋಯಿತು, ಬರೆದವನ್ನೂ ಮತ್ತೆ ಬರೆಯಬೇಕು. ಡಿಗ್ರಿಯಲ್ಲಿ ಹಾಗಿಲ್ಲ, ಬಿಟ್ಟ ಒಂದನ್ನೇ ಆಮೇಲೆ ಕಟ್ಟಬಹುದು. ಅದಕ್ಕೆ ಕಾಸ್ಟಿಂಗ್ ಬಿಡುತ್ತೇನೆ ಅಂದೆ. ಶರ್ಟಿನ ಗುಂಡಿ ಬಿಚ್ಚುತ್ತಿದ್ದ ಅಪ್ಪ ಹಾಗೇ ನಿಂತರು.

"ಆಮೇಲೆ ಕಟ್ಬೋದು ಅಂತಾನೇ ಎಲ್ರೂ ಬಿಡೋದು."

"ನಾನು ಎಲ್ರ ಥರ ಅಲ್ಲ," ಅಂದೆ.

ಎಲ್ಲರೂ ಅಂದರೆ ಯಾರು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಅಪ್ಪ ಊಟಕ್ಕೆ ಏಳಲಿಲ್ಲ. ಆದರೂ ಹೋಗಿ ತಪ್ಪಾಯಿತು ಅನ್ನುವ ಜಾಯಮಾನ ನನ್ನದಲ್ಲ.

ಮರುದಿನ ಮೆಟ್ರೋದಲ್ಲಿ ಹೋಗೋಣವೆಂದು ಹೊರಟೆ. ಯಾಕೋ ಎರಡೂ ಹಾಲ್ ಟಿಕೆಟ್ ಬ್ಯಾಗಿಗೆ ಹಾಕಿಕೊಂಡಿದ್ದೆ. ಕೆಳಗೆ ಅಪ್ಪ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದರು. ಹತ್ತು ಅಂದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೇನ್ ರೋಡಿನ ಸಿಗ್ನಲ್ಲಿನಲ್ಲಿ ಈ ಕಡೆ ತಿರುಗಿದರೆ ರಾಜಾಜಿನಗರ, ಆ ಕಡೆ ತಿರುಗಿದರೆ ಮೈಸೂರು ರಸ್ತೆ. ಗಲ್ಲಿಯಲ್ಲಿ ತಿರುಗುವಾಗಲೂ ಇಂಡಿಕೇಟರ್ ಹಾಕುವ ಮನುಷ್ಯ ಅವತ್ತು ಹಾಕಿರಲಿಲ್ಲ. ಕಾಲೇಜಿನ ಕಡೆ ತಿರುಗಿಸಿದರೆ ಇಳಿದು ಓಡುವುದೇ ಸೈ ಅಂತ ಒಂದು ಕಾಲು ನೆಲಕ್ಕೆ ಊರಿದ್ದೆ. ಹಸಿರು ದೀಪ ಬಂತು. ಅಪ್ಪ ಅಲ್ಲಾಡಲಿಲ್ಲ. ಹಿಂದಿನಿಂದ ಹಾರ್ನೋ ಹಾರ್ನು. ಆಟೋದವನೊಬ್ಬ ಬೈದುಕೊಂಡು ಮುಂದೆ ಹೋದ.

"ಕಾಲು ಮೇಲಿಡು," ಅಂದರು ಅಪ್ಪ. ಸ್ಕೂಟರ್ ಮೈಸೂರು ರಸ್ತೆಯ ಕಡೆ ತಿರುಗಿತು.

ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಸೆಂಟರ್ ತಲುಪುವಾಗ ಗೇಟು ಹಾಕುವುದರಲ್ಲಿದ್ದರು. ಅಪ್ಪ ಚೆನ್ನಾಗಿ ಬರಿ ಅಂತಲೂ ಅನ್ನಲಿಲ್ಲ. ನಾನು ಇಳಿದವಳೇ ಒಳಗೆ ಓಡಿದೆ.

ಗ್ರೂಪ್ ಪಾಸಾಯಿತು. ಅಪ್ಪ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಮೈಸೂರುಪಾಕ್ ಹಂಚಿದರು. ನನ್ನನ್ನು ಕೇಳಿದ್ದು ಮಾತ್ರ, ಆ ಕಾಸ್ಟಿಂಗ್ ಯಾವಾಗ ಅಂತ. ಬರೀತೀನಿ ಬಿಡಿ ಅಂದೆ. ಇನ್ನೊಂದು ಗ್ರೂಪು, ಡಿಗ್ರಿಯ ಉಳಿದ ಪೇಪರುಗಳು ಎಲ್ಲ ಮುಗಿಸಿಕೊಂಡು ಆಡಿಟರ್ ಒಬ್ಬರ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ಪಿಗೆ, ಅಂದರೆ ತರಬೇತಿಗೆ, ಸೇರಿದೆ. ಮತ್ತೆ ಕಾಸ್ಟಿಂಗ್ ಪರೀಕ್ಷೆ ಬರುವಾಗ ಆಫೀಸಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಫೀಸು ಕಟ್ಟಿದ್ದೆ, ಓದಿರಲಿಲ್ಲ. ಈ ಸಲ ಬಿಟ್ಟು ಮುಂದಿನ ಸಲ ಬರೆದರಾಯಿತು ಅಂತ ಅಮ್ಮನಿಗೆ ಹೇಳುತ್ತಿದ್ದದ್ದು ಅಪ್ಪನ ಕಿವಿಗೆ ಬಿತ್ತು.

ಪರೀಕ್ಷೆಯ ದಿನ ಆಫೀಸಿಗೆಂದು ಕೆಳಗಿಳಿದರೆ ಮತ್ತೆ ಅದೇ ಸ್ಕೂಟರ್. ಹಾಲ್ ಟಿಕೆಟ್ ತಗೊಂಡು ಬಾ ಅಂದರು. ಗುರ್ ಅನ್ನುತ್ತಲೇ ಹತ್ತಿದೆ. ಕಾಲೇಜಿನ ಗೇಟಿನ ಮುಂದೆ ಎಲ್ಲ ಜೂನಿಯರ್‌ಗಳು. ಒಬ್ಬಳು ನನ್ನ ಗುರುತು ಹಿಡಿದು, ಅಕ್ಕ, ನಿಮ್ದು ಇನ್ನೂ ಉಳಿದಿದ್ಯಾ ಅಂದಳು. ನಾಚಿಕೆಗೆ ಮುಖವೆಲ್ಲ ಉರಿಯಿತು. ವಾಪಸ್ ಹೋಗೋಣ ಅಪ್ಪ, ಆಫೀಸಿಗೆ ಲೇಟಾಗುತ್ತೆ ಅಂದೆ. ಅಪ್ಪ ಗಾಡಿ ಆಫ್ ಮಾಡಿದರು. ನನ್ನ ಮುಖ ನೋಡಲಿಲ್ಲ.

"ನಾನು ಎರಡನೇ ಸಲ ಫೇಲ್ ಆಗ್ಲಿಲ್ಲ ಕಣಮ್ಮ. ಬರೀಲೇ ಇಲ್ಲ. ಗೇಟ್ ತನಕ ಹೋಗಿದ್ದೆ. ಚಿಕ್ ಚಿಕ್ ಹುಡುಗ್ರು ನಿಂತಿದ್ರು, ನಾಚಿಕೆ ಆಗಿ ವಾಪಸ್ ಬಂದ್ಬಿಟ್ಟೆ. ಮನೇಲಿ ಫೇಲ್ ಅಂದೆ. ನಿಮ್ಮಮ್ಮಂಗೂ ಗೊತ್ತಿಲ್ಲ."

ಹೆಲ್ಮೆಟ್ ಬಿಚ್ಚಿ ಅವರ ಕೈಗೆ ಕೊಟ್ಟು, ಆ ಹುಡುಗಿಯರ ನಡುವೆಯೇ ಒಳಗೆ ಹೋದೆ. ಗೊತ್ತಿದ್ದದ್ದನ್ನು, ಗೊತ್ತಿಲ್ಲದ್ದನ್ನು, ಎಲ್ಲ ಬರೆದೆ. ಕೊನೆಯ ಬೆಲ್ ಹೊಡೆದು ಹೊರಗೆ ಬಂದಾಗ ಅಪ್ಪ ಅಂಗಡಿಗೆ ಹೋಗಿರಲಿಲ್ಲ. ನನ್ನ ಹೆಲ್ಮೆಟ್ ಹಿಡಿದುಕೊಂಡು ಗೇಟಿನ ಹತ್ತಿರ ಅಲ್ಲೇ ನಿಂತಿದ್ದರು.