ಕಾಕಾನ ಪದಸೂಚಿ

ಮೊನ್ನೆ ಮನೆಗೆ ಬಂದ ಲಗ್ನಪತ್ರಿಕೆಯೊಂದನ್ನು ತಿರುಗಿಸಿ ನೋಡಿ ಬೇಸರವಾಯಿತು. ಹಿಂದೆಯೂ ಮುಂದೆಯೂ ಬಣ್ಣದ ಹೂಬಳ್ಳಿ, ಬರೆಯಲು ಒಂದಂಗುಲ ಜಾಗವಿಲ್ಲ. ವಧೂವರರ ಹೆಸರಿಗಿಂತ ಮೊದಲು ಪತ್ರಿಕೆಯ ಬೆನ್ನು ನೋಡುವ ಈ ಚಟ ನನಗೆ ಅಂಟಿದ್ದು ಕಲಬುರಗಿ ಹತ್ತಿರದ ಕಮಲಾಪುರದ ನಮ್ಮ ಕಾಕಾನಿಂದ.

ಕಾಕಾ ಶಾಲೆಯ ಮಾಸ್ತರರು. ಆ ಕಡೆಯ ಭಜನೆಗಳಲ್ಲಿ ಹಾಡುವ ನೂರಾ ಹದಿನೆಂಟು ತತ್ವಪದಗಳಿಗೆ ಪದಸೂಚಿ ಮಾಡುವ ಹುಚ್ಚು ಎಂಬತ್ತರ ದಶಕದಲ್ಲಿ ಅವರ ತಲೆಗೇರಿತು. ಪದಸೂಚಿ ಎಂದರೆ ಹೆದರಬೇಡಿ. ಹಾಡುಗಳಲ್ಲಿ ಬರುವ ಒಂದೊಂದು ಶಬ್ದಕ್ಕೂ ಒಂದು ಚೀಟಿ. ಅದರ ಮೇಲೆ ಆ ಶಬ್ದ ಬರುವ ಸಾಲು, ಅದು ಎಷ್ಟನೆಯ ಹಾಡಿನ ಎಷ್ಟನೆಯ ಸಾಲು ಎಂಬ ವಿಳಾಸ, ಅಷ್ಟೇ. ಚೀಟಿಗೆ ದಪ್ಪ ಕಾಗದ ಬೇಕಲ್ಲ? ಕಾಕಾ ಮನೆಮನೆಗೆ ಹೋಗಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಲಂಚ ಕೊಟ್ಟು, ಹಳೆಯ ಲಗ್ನಪತ್ರಿಕೆಗಳನ್ನು ತಂದು ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಬರೆದರು. ಊರಲ್ಲಿ ಯಾರ ಲಗ್ನ ಗೊತ್ತಾದರೂ ಬೀಗರಿಗಿಂತ ಹೆಚ್ಚಿನ ಸಂಭ್ರಮ ಅವರಿಗೆ.

ಹಾಡುಗಳು ಯಾವ ಪುಸ್ತಕದಲ್ಲೂ ಇರಲಿಲ್ಲ, ಇದ್ದದ್ದು ಊರಿನ ಭಜನೆಯ ಕಲ್ಲವ್ವನ ಬಾಯಲ್ಲಿ. ಓದುಬರಹ ಬಾರದ ಆಕೆ ಹೊಲದ ಕೆಲಸ ಮುಗಿಸಿ ಕಾಕಾನ ಕಟ್ಟೆಗೆ ಬಂದು ಹಾಡುತ್ತಿದ್ದಳು, ಕಾಕಾ ಬರೆದುಕೊಳ್ಳುತ್ತಿದ್ದರು. ಹೀಗೆ ಮೂರು ವರ್ಷ. ಆಕೆ ಕೇಳಿದ್ದು ಒಂದೇ.

"ಮಾಸ್ತರ್ರೀ, ಇದರಾಗ ನನ್ನ ಹೆಸರು ಬರ್ತದೇನ್ರೀ?"

"ಹಾಡಿನಾಗ ಇದ್ದ ಶಬ್ದ ಅಷ್ಟೇ ಬರ್ತಾವ ಕಲ್ಲವ್ವಾ. ಶಾಸ್ತ್ರ ಹಂಗ ಅದ."

ಆಕೆ ಮುಂದಿನ ಹಾಡು ಎತ್ತಿಕೊಂಡಳು. ಅಲ್ಲೇ ಕೂತಿದ್ದ ನನಗೆ ಕೆಡುಕೆನಿಸಿತು, ಆದರೆ ಕಾಕಾನಿಗೆ ಎದುರಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮುಂದೆ ಎಷ್ಟೋ ವರ್ಷಗಳ ಮೇಲೆ ನಾನು ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರ ಡಿ.ಟಿ.ಪಿ. ಅಂಗಡಿ ತೆರೆದೆ. ಇಂಟರ್ನೆಟ್ ಬಂದ ಹೊಸತು. ಒಂದೆರಡು ಜಾಲತಾಣ ಮಾಡಿ ದೊಡ್ಡ ತಜ್ಞನೆಂದು ಹೇಳಿಕೊಂಡು ತಿರುಗುತ್ತಿದ್ದೆ. ನಂಬಿದವರು ಕಾಕಾ ಒಬ್ಬರೇ. ಬಿಸ್ಕತ್ತಿನ ಡಬ್ಬಿಗಳಲ್ಲಿ ಚೀಟಿ ತುಂಬಿಕೊಂಡು ಬಸ್ಸಿನಿಂದ ಇಳಿದೇಬಿಟ್ಟರು. ನಾನು ಟೈಪ್ ಮಾಡುವ ಇಬ್ಬರಿಗೆ ಗತ್ತಿನಿಂದ ಹೇಳಿದೆ: "ಚೀಟಿ ಮ್ಯಾಲ ಏನೇನ್ ಅದ ಎಲ್ಲಾ ಹೊಡೀರಿ. ಒಂದಕ್ಷರ ಬಿಡಬ್ಯಾಡ್ರಿ."

ಅವರು ಬಿಡಲಿಲ್ಲ. ಎರಡೂ ಬದಿ ಹೊಡೆದರು. ನಾನು ತಿದ್ದಿ ನೋಡದೆ ಜಾಲಕ್ಕೆ ಏರಿಸಿದೆ.

ಉದ್ಘಾಟನೆಗೆ ಕಾಕಾ ಕಲ್ಲವ್ವನನ್ನೂ ಕರೆತಂದರು. 'ಮಾಯೆ' ಎಂದು ಹುಡುಕಿಸಿದರು. ಏಳು ಸಾಲು ಬಂದವು, ಹಿಗ್ಗಿದರು. 'ಊಟ' ಎಂದರು. ಎರಡು ಹಾಡಿನ ಸಾಲುಗಳ ಕೆಳಗೆ "ಅಕ್ಷತೆಯ ನಂತರ ಊಟದ ವ್ಯವಸ್ಥೆ ಇದೆ" ಎಂದು ಬಂತು. 'ಗುರು' ಎಂದರು. ಮೋಕ್ಷದ ಸಾಲುಗಳ ಬೆನ್ನಿಗೇ "ಗುರು-ಹಿರಿಯರು ನಿಶ್ಚಯಿಸಿದಂತೆ" ಎಂದು ಇಪ್ಪತ್ತೆಂಟು ಸಲ.

"ಏನ್ ಮಾಡೀದಿ ಲೇ! ನನ್ನ ಜೀವಮಾನದ ಕೆಲಸದಾಗ ಮಂದಿ ಲಗ್ನಾ ಹಚ್ಚೀದಿ!"

ನಾನು ಟೇಬಲ್ಲಿನ ಕೆಳಗೆ ಏನನ್ನೋ ಹುಡುಕುವವನಂತೆ ಬಾಗಿದೆ. ಕಲ್ಲವ್ವ ನನ್ನ ಭುಜ ಮುಟ್ಟಿದಳು.

"ತಮ್ಮಾ, ನನ್ನ ಹೆಸರು ಹಾಕಿ ನೋಡು."

"ಇರಂಗಿಲ್ಲ ಬಿಡು" ಎಂದರು ಕಾಕಾ.

ಹಾಕಿದೆ. ಬಂತು. "ಶ್ರೀಮತಿ ಕಲ್ಲವ್ವ ಇವರ ಸುಪುತ್ರಿ." ಆಕೆಯ ಮಗಳ ಲಗ್ನಪತ್ರಿಕೆಯ ತುಂಡು. ಓದಿ ಹೇಳಿದೆ. ಆಕೆ ಪರದೆಯ ಮೇಲೆ ಬೆರಳಿಟ್ಟು, "ಬಂದದಲ್ರೀ ಮಾಸ್ತರ್ರೀ!" ಎಂದು ಬಾಯಿ ತುಂಬ ನಕ್ಕಳು. ಕಾಕಾ ಬಯ್ಯುವುದನ್ನು ಬಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿದರು.

ಮರುವಾರ ನಾನೂ ಕಾಕಾನೂ ಕೂತು ಲಗ್ನಗಳನ್ನೆಲ್ಲ ಅಳಿಸಿದೆವು. ಕಲ್ಲವ್ವನ ಸಾಲು ಬಂದಾಗ ನನ್ನ ಕೈ ತಡೆಯಿತು.

"ಅದನ್ನೂ ತಗಿ" ಎಂದರು ಕಾಕಾ.

ಎಂಥ ಕಲ್ಲುಮನಸ್ಸಪ್ಪ ಇವರದು ಎಂದು ಒಳಗೇ ಬಯ್ದುಕೊಂಡು ತೆಗೆದೆ. ಆಗ ಅವರು ಜೇಬಿನಿಂದ ಹೊಸ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. "ಇದನ್ನ ಹೊಡಿ. ತಪ್ಪಿಲ್ಲದಂಗ ಹೊಡಿ."

ಕಾಕಾ, ಕಲ್ಲವ್ವ ಇಬ್ಬರೂ ಈಗಿಲ್ಲ. ಜಾಲತಾಣ ಇದೆ. ಮೊನ್ನೆ ಮತ್ತೆ ತೆರೆದು ನೋಡಿದೆ. ಅದನ್ನು ಮಾಡಿದವನು ನಾನು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದಕ್ಕೆ ನಾಚಿಕೆಯಾಯಿತು. 'ಕ' ಅಕ್ಷರದ ಕೆಳಗೆ, ಕಾಕಾ ಶಾಸ್ತ್ರ ಮುರಿದ ಆ ಒಂದೇ ಸಾಲು ಹಾಗೇ ಇದೆ:

ಕಲ್ಲವ್ವ – ಹಾಡು ಒಂದರಿಂದ ನೂರಾ ಹದಿನೆಂಟು, ಎಲ್ಲಾ ಸಾಲು.