ಆರದ ಗಾಜು

ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಊರವರ ಕಣ್ಣಿಗೆ ಗಾಜು ಸವೆಸಿ, ಸಂಜೆ ದೂರದರ್ಶಕ ತಯಾರಿಸುವ ಕಾರ್ಯಾಗಾರಕ್ಕೆ ಬರುವ ಹೊತ್ತಿಗೆ ಆಕೆಯ ಸೊಂಟ ಬಿದ್ದುಹೋಗಿರುತ್ತಿತ್ತು. ಅಲ್ಲಿ ಎಲ್ಲರಿಗೂ ಆಕೆ ಗಾಜಕ್ಕ. ಕಲಿಯಲು ಬಂದವರು ನಕ್ಷತ್ರದ ಬೆಳಕನ್ನು ಒಂದೆಡೆ ಕೂಡಿಸುವ ಬಾಗುಗನ್ನಡಿಯೊಂದನ್ನು ಕೈಯಾರೆ ಉಜ್ಜಿ ಮುಗಿಸಬೇಕು. ಅದು ಪಾಸಾದರೆ ಮಾತ್ರ ವೀಕ್ಷಣಾಲಯದ ಉಪಕರಣ ವಿಭಾಗದಲ್ಲಿ ಕೆಲಸ. ಅಂಗಡಿಯ ಸ್ಟೂಲಿನಿಂದ ಇಳಿಯಲು ಗಾಜಕ್ಕನಿಗಿದ್ದ ದಾರಿ ಅದೊಂದೇ.

ಮನೆಯಲ್ಲಿ ಅತ್ತೆಯ ಕೊಂಕು ಇದ್ದೇ ಇತ್ತು. ಇಷ್ಟು ಉಜ್ಜಾಟ ಪಾತ್ರೆಗಾದರೂ ಆಗಿದ್ದರೆ ಅವು ಬೆಳ್ಳಿಯಾಗುತ್ತಿದ್ದವಂತೆ. ಗಾಜಕ್ಕ ಉಂಡು ಮಲಗಿಬಿಡುತ್ತಿದ್ದಳು, ಎದುರಾಡಲೂ ಮೈಯಲ್ಲಿ ಕಸುವು ಬೇಕಲ್ಲ.

ಕನ್ನಡಿಯೆದುರು ಸಣ್ಣ ದೀಪವಿಟ್ಟು, ಹಿಂತಿರುಗಿ ಬರುವ ಬೆಳಕಿಗೆ ಬ್ಲೇಡಿನ ಅಂಚನ್ನು ಅಡ್ಡ ಹಿಡಿದರೆ, ಕೈಗೆ ಸಿಗದ ಉಬ್ಬುತಗ್ಗೂ ನೆರಳಾಗಿ ಕಾಣುತ್ತದೆ. ಪರೀಕ್ಷೆಯ ಹಿಂದಿನ ಸಂಜೆ ಗಾಜಕ್ಕನಿಗೆ ತನ್ನ ಕನ್ನಡಿಯ ನಡುವೆ ಉಬ್ಬೊಂದು ಕಂಡಿತು. ಉಜ್ಜಿದಳು, ನೋಡಿದಳು, ಅದು ಅಲ್ಲೇ ಇತ್ತು. ಮತ್ತೆ ಉಜ್ಜಿದಳು. ಉಜ್ಜಿದ ಗಾಜು ಬಿಸಿಗೆ ಹಿಗ್ಗಿ ಸುಳ್ಳು ಹೇಳುತ್ತದೆ, ಆರುವ ತನಕ ಪರೀಕ್ಷಿಸಬಾರದು ಎಂದು ಮೇಷ್ಟ್ರು ಶುರುವಿನಲ್ಲೇ ಹೇಳಿಕೊಟ್ಟಿದ್ದರು. ಗಾಜಕ್ಕನಿಗೆ ಅದು ಮರೆತಿರಲಿಲ್ಲ. ಕಾಯುತ್ತ ಕೂತರೆ ಕೂತಲ್ಲೇ ನಿದ್ದೆ ಹೋಗಿಬಿಡುತ್ತೇನೆಂಬ ಹೆದರಿಕೆಗೆ ಕೈ ನಿಲ್ಲಲಿಲ್ಲ, ಅಷ್ಟೆ.

ಬೆಳಿಗ್ಗೆ ಮೇಷ್ಟ್ರು ಬ್ಲೇಡಿನ ಹಿಂದೆ ಕಣ್ಣಿಟ್ಟು ಬಹಳ ಹೊತ್ತು ಬಗ್ಗಿಯೇ ಇದ್ದರು.

"ನಡುವೆ ಗುಂಡಿ ಬಿದ್ದಿದೆಯಲ್ಲಮ್ಮ. ಆರೋಕೆ ಬಿಡಲಿಲ್ವಾ?"

"ಇಲ್ಲ ಸಾರ್."

"ಬೆಟ್ಟ ಅಗೆದು ಇಲಿ ಹಿಡಿಯೋರನ್ನ ನೋಡಿದ್ದೆ. ನೀವು ಇಲ್ಲದ ಬೆಟ್ಟಾನೇ ಅಗೆದಿದ್ದೀರಿ."

ಗದರಿದ್ದರೆ ಅಳಬಹುದಿತ್ತು, ಅವರ ದನಿಯಲ್ಲಿ ಗದರಿಕೆಯೇ ಇರಲಿಲ್ಲ. ಗುಂಡಿ ತುಂಬುವ ವಿದ್ಯೆ ಯಾರಿಗೂ ಗೊತ್ತಿಲ್ಲ, ಸುತ್ತಲಿನ ಗಾಜನ್ನೇ ಅದರ ಮಟ್ಟಕ್ಕೆ ಇಳಿಸಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಈ ಸಲದ ಆಯ್ಕೆ ಕೈತಪ್ಪಿದಂತೆಯೇ ಎಂದರು. ಬೇಕಿದ್ದರೆ ಇಲ್ಲಿಗೇ ಬಿಡಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದೂ ಸೇರಿಸಿದರು.

ಬಿಡುವುದು ಎಷ್ಟು ಸುಲಭವೆಂದು ಗಾಜಕ್ಕನ ಸೊಂಟಕ್ಕೆ ಗೊತ್ತಿತ್ತು. ಆದರೆ ಆ ಸ್ಟೂಲು ಕಣ್ಣಮುಂದೆ ಬಂದು ನಿಂತಿತು.

"ಈ ವಾರ ನಿದ್ದೆ ಮಾಡ್ತೀನಿ ಸಾರ್," ಎಂದಳು. "ಆಮೇಲೆ ಬರ್ತೀನಿ."

ಮೇಷ್ಟ್ರು ತಲೆಯಾಡಿಸಿ ಮುಂದಿನವರ ಕನ್ನಡಿ ಕೂರಿಸಿದರು. ಗಾಜಕ್ಕ ತನ್ನದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕಪಾಟಿನ ಕೆಳಹಲಗೆಯಲ್ಲಿಟ್ಟು, ಅಂಗಡಿ ತೆರೆಯುವ ಹೊತ್ತಾಯಿತೆಂದು ಹೊರಟಳು.